ತಡಮೆ ಮುಚ್ಚುವ ಮುನ್ನ

ನಿಮ್ಮ ತವರು ಮನೆಯ ಹಿತ್ತಿಲಲ್ಲಿ ತಡಮೆ ಇತ್ತೇ? ಈಗಿನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ. ನಮ್ಮ ಕರಾವಳಿಯ ಕಡೆ ಎರಡು ಹಿತ್ತಿಲುಗಳ ನಡುವಿನ ಬೇಲಿಯಲ್ಲಿ ಒಂದು ಸಣ್ಣ ಸಂದು ಬಿಟ್ಟಿರುತ್ತಾರೆ. ದನ ದಾಟಲಾಗದು, ಮನುಷ್ಯರು ಕಾಲೆತ್ತಿ ದಾಟಬಹುದು. ಅದೇ ತಡಮೆ. ನಮ್ಮ ಮನೆಗೂ ಪಕ್ಕದ ದೊಡ್ಡಮ್ಮನ ಮನೆಗೂ ನಡುವೆ ಅಂಥದ್ದೊಂದು ಇತ್ತು. ಈ ಕಡೆ ಎರಡು ಕೆಂಪುಕಲ್ಲು, ಆ ಕಡೆ ಒಂದು. ಸಾರಿಗೆ ಹುಳಿ ಸಾಲದಾದರೆ, ಮಗುವಿಗೆ ಜ್ವರ ಬಂದರೆ, ಬಾವಿಯ ಹಗ್ಗ ತುಂಡಾದರೆ ಉಮ್ಮ ಅಲ್ಲಿಂದಲೇ ದಾಟುತ್ತಿದ್ದರು. ದೊಡ್ಡಮ್ಮನೂ ಅಷ್ಟೆ. ರಸ್ತೆಗಿಳಿದು, ಗೇಟು ತೆರೆದು, ಮುಂಬಾಗಿಲಿನಿಂದ ಬರುವುದೆಲ್ಲ ನೆಂಟರಿಗೆ.

ಎರಡು ವರ್ಷಗಳ ಹಿಂದೆ ಅಣ್ಣ ಫೋನ್ ಮಾಡಿದ. "ಬೇಲಿ ತೆಗೆದು ಕಾಂಪೌಂಡ್ ಗೋಡೆ ಕಟ್ಟಿಸ್ತಾ ಇದ್ದೇನೆ. ಕಲ್ಲು ತರಿಸಿ ಆಯ್ತು. ಆ ತಡಮೆಯನ್ನೂ ಮುಚ್ಚಿ ಬಿಡುವುದಾ?" ಎಂದು ಕೇಳಿದ. ದೊಡ್ಡಮ್ಮ ತೀರಿ ಹೋಗಿ ಮೂರು ವರ್ಷವಾಗಿತ್ತು. ಅವರ ಮಗ ಬೆಂಗಳೂರಿನಲ್ಲಿ. ಆ ಮನೆಗೆ ಬೀಗ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಮುಚ್ಚು. ಅಲ್ಲಿಂದ ನಾಯಿ, ಹಾವು ಬರುತ್ತವೆ. ಯಾರಿದ್ದಾರೆ ಈಗ ದಾಟುವುದಕ್ಕೆ?" ಎಂದೆ. ಹೌದು ಓದುಗರೇ, ಅದನ್ನು ಹೇಳಿದವಳು ನಾನೇ. ಮುಂದಿನ ಮಾತು ಕೇಳುವಾಗ ಅದು ನಿಮ್ಮ ನೆನಪಿನಲ್ಲಿರಲಿ.

ಅದೇ ವರ್ಷ ನಾನು ಜರ್ಮನಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವನ ಹೆಂಡತಿಯ ಬಾಣಂತನ ಮುಗಿಸಿ ಮರಳುವ ಮೊದಲು ಅವನು, "ಅಕ್ಕ, ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರುವ. ನಿನಗೆ ಯಾವ ಊರು ನೋಡಬೇಕು?" ಎಂದ. ನನ್ನ ಬಾಯಿಂದ ಬಂದ ಹೆಸರು ಸರಾಯೆವೊ. ಅವನಿಗೆ ಆಶ್ಚರ್ಯ. ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದ ಕಾಲವದು. ಬೋಸ್ನಿಯಾದವರಿಗಾಗಿ ಮಸೀದಿಯಲ್ಲಿ ದುಆ ಮಾಡಿದರೆಂದು ಅಬ್ಬ ಜುಮಾ ಮುಗಿಸಿ ಬಂದು ಹೇಳುತ್ತಿದ್ದರು. ಊಟದ ಹೊತ್ತಿಗೆ ರೇಡಿಯೋದಲ್ಲಿ ಆ ಊರಿನ ಹೆಸರು ಬಂದರೆ ಉಮ್ಮ ಅನ್ನದ ಸೌಟು ಹಿಡಿದು ಹಾಗೆಯೇ ನಿಲ್ಲುತ್ತಿದ್ದರು. ಭೂಪಟದಲ್ಲಿ ತೋರಿಸಲು ಗೊತ್ತಿಲ್ಲದ ಊರಿಗಾಗಿ ನಾವು "ಆಮೀನ್" ಹೇಳಿದ್ದೆವು. ಆ ಊರು ಬದುಕಿ ಉಳಿದದ್ದು ಹೇಗೆಂದು ಕಣ್ಣಾರೆ ನೋಡಬೇಕೆಂಬ ಆಸೆ ಅಂದಿನಿಂದಲೂ ಒಳಗೆಲ್ಲೋ ಇತ್ತು.

ಸರಾಯೆವೊ ಒಂದು ಬಟ್ಟಲಿನ ತಳದಲ್ಲಿ ಕುಳಿತ ಊರಿನಂತಿದೆ. ಸುತ್ತಲೂ ಬೆಟ್ಟ, ನಡುವೆ ಮಿಲ್ಯಾಟ್ಸ್ಕ ಎಂಬ ಸಣ್ಣ ಹೊಳೆ. ಹಳೆಯ ಪೇಟೆಯಲ್ಲಿ 16ನೇ ಶತಮಾನದ ಗಾಝಿ ಹುಸ್ರೆವ್ ಬೇಗ್ ಮಸೀದಿಯಿದೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಕ್ಯಾಥೊಲಿಕ್ ಇಗರ್ಜಿ, ಆರ್ಥೊಡಾಕ್ಸ್ ಇಗರ್ಜಿ, ಯಹೂದಿಯರ ಸಿನಗಾಗ್ ಎಲ್ಲವೂ ಸಿಗುತ್ತವೆ. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಈ ಊರಿನಲ್ಲೇ. ಎಂಟೇ ವರ್ಷಗಳಲ್ಲಿ ಆ ಬೆಟ್ಟಗಳ ಮೇಲೆ ಫಿರಂಗಿಗಳು ಬಂದು ನಿಂತವು.

ಯುಗೊಸ್ಲಾವಿಯಾ ಒಡೆದು ಹೋಗುತ್ತಿದ್ದ ಸಮಯವದು. 1992ರ ವಸಂತದಲ್ಲಿ ಬೋಸ್ನಿಯಾ ಸ್ವತಂತ್ರವಾಯಿತು. ಅದನ್ನೊಪ್ಪದ ಸರ್ಬ್ ಪಡೆಗಳು ಏಪ್ರಿಲ್‌ನಿಂದ ರಾಜಧಾನಿಯನ್ನು ಸುತ್ತುವರಿದವು. 1996ರ ಫೆಬ್ರವರಿ 29ರವರೆಗೆ, ಅಂದರೆ 1,425 ದಿನ, ಆ ಮುತ್ತಿಗೆ ನಡೆಯಿತು. ಆಧುನಿಕ ಯುದ್ಧಗಳಲ್ಲಿ ಒಂದು ರಾಜಧಾನಿ ಅಷ್ಟು ದೀರ್ಘ ಮುತ್ತಿಗೆಯನ್ನು ಕಂಡದ್ದಿಲ್ಲ. ನೀರಿಲ್ಲ, ಕರೆಂಟಿಲ್ಲ, ಗ್ಯಾಸಿಲ್ಲ. ಹೆಂಗಸರು ಕ್ಯಾನ್ ಹಿಡಿದು ನೀರಿನ ಸರದಿಯಲ್ಲಿ ನಿಂತರೆ ಬೆಟ್ಟದ ಮೇಲಿನ ಬಂದೂಕುಧಾರಿಗೆ ಅವರೇ ಗುರಿ. ಚಳಿಗಾಲದಲ್ಲಿ ಪಾರ್ಕಿನ ಮರಗಳನ್ನು ಕಡಿದು ಒಲೆಗೆ ಹಾಕಿದರು. ಅದು ಮುಗಿದ ಮೇಲೆ ಕುರ್ಚಿ, ಮೇಜು, ಪುಸ್ತಕಗಳೂ ಉರಿದವು. 1992ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೇ ಶೆಲ್ ಬಿದ್ದು ಅದು ಸುಟ್ಟುಹೋಯಿತು. 1994ರ ಫೆಬ್ರವರಿ 5ರಂದು ಮಾರ್ಕಾಲೆ ಎಂಬ ತರಕಾರಿ ಮಾರುಕಟ್ಟೆಗೆ ಬಿದ್ದ ಒಂದೇ ಶೆಲ್‌ಗೆ 68 ಮಂದಿ ಬಲಿಯಾದರು. ಆ ಮಾರುಕಟ್ಟೆ ಈಗಲೂ ಇದೆ. ನಾನು ಅಲ್ಲಿ ಒಂದು ಕಿಲೋ ಸೇಬು ತೆಗೆದುಕೊಂಡೆ. ಮಾರುತ್ತಿದ್ದ ಹೆಂಗಸಿಗೆ ನನ್ನ ವಯಸ್ಸಿರಬಹುದು. ಅವರ ಮುಖ ನೋಡಿ ಲೆಕ್ಕ ಹಾಕಿದೆ, ಆಗ ಇವರೂ ಹೈಸ್ಕೂಲಿನಲ್ಲಿದ್ದಿರಬೇಕು.

2012ರಲ್ಲಿ, ಮುತ್ತಿಗೆ ಆರಂಭವಾಗಿ 20 ವರ್ಷ ತುಂಬಿದಾಗ, ಊರಿನ ಮುಖ್ಯ ರಸ್ತೆಯಲ್ಲಿ ಸತ್ತವರ ಲೆಕ್ಕದಷ್ಟು ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರಂತೆ. ಒಟ್ಟು 11,541 ಖಾಲಿ ಕುರ್ಚಿಗಳು. ಅವುಗಳಲ್ಲಿ 643 ಬಹಳ ಚಿಕ್ಕವು, ಬಾಲವಾಡಿಯಲ್ಲಿ ಇರುವಂಥವು. ದಾರಿಹೋಕರು ಆ ಚಿಕ್ಕ ಕುರ್ಚಿಗಳ ಮೇಲೆ ಆಟಿಕೆ, ಹೂವು ಇಟ್ಟು ಹೋದರು. ತಾಯಂದಿರೇ, ಇದಕ್ಕೆ ನಾನು ಬೇರೇನೂ ಸೇರಿಸಬೇಕಾಗಿಲ್ಲ.

ಈಗ ಸುರಂಗದ ವಿಷಯಕ್ಕೆ ಬರುತ್ತೇನೆ.

ಊರನ್ನು ಸುತ್ತಿದ ಆ ಉರುಳಿನಲ್ಲಿ ಒಂದೇ ಒಂದು ಸಡಿಲು ಇತ್ತು, ವಿಮಾನ ನಿಲ್ದಾಣ. 1992ರ ಜೂನ್ ಕೊನೆಯಲ್ಲಿ ಅದು ವಿಶ್ವಸಂಸ್ಥೆಯ ಪಡೆಯ ಕೈಗೆ ಬಂತು. ಆ ಪಡೆಯ ಮೊದಲ ದಂಡನಾಯಕರು ನಮ್ಮ ಭಾರತೀಯ ಸೇನೆಯ ಜನರಲ್ ಸತೀಶ್ ನಂಬಿಯಾರ್ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪರಿಹಾರ ಸಾಮಗ್ರಿಯ ವಿಮಾನಗಳು ಇಳಿಯತೊಡಗಿದವು. ಆದರೆ ಒಪ್ಪಂದದ ಪ್ರಕಾರ ಊರಿನವರು ರನ್‌ವೇ ದಾಟುವಂತಿಲ್ಲ. ರನ್‌ವೇಯ ಈ ಕಡೆ ದೊಬ್ರಿನ್ಯಾ ಎಂಬ ಬಡಾವಣೆ, ಮುತ್ತಿಗೆಯೊಳಗೆ. ಆ ಕಡೆ ಬುಟ್ಮಿರ್ ಎಂಬ ಹಳ್ಳಿ, ಅದರಾಚೆ ಇಗ್ಮನ್ ಬೆಟ್ಟ, ಹೊರಜಗತ್ತು. ರಾತ್ರಿ ಕತ್ತಲಲ್ಲಿ ಹಿಟ್ಟಿನ ಚೀಲ ಹೊತ್ತು ಓಡಿ ದಾಟಲು ಹೋದವರಲ್ಲಿ ನೂರಾರು ಮಂದಿ ಗುಂಡೇಟಿಗೆ ಸಿಕ್ಕಿದರು. ಮೇಲಿನಿಂದ ಹೋಗಲಾಗದು. ಹಾಗಾದರೆ ಕೆಳಗಿನಿಂದ ಹೋಗುವುದು!

1993ರ ವಸಂತದಲ್ಲಿ ಎರಡು ಕಡೆಯಿಂದಲೂ ಅಗೆತ ಆರಂಭವಾಯಿತು. ನಕ್ಷೆ ಮಾಡಿದವರು ನೆಜಾದ್ ಬ್ರಾಂಕೊವಿಚ್ ಎಂಬ ಸಿವಿಲ್ ಇಂಜಿನಿಯರ್. ಯಂತ್ರವಿಲ್ಲ. ಹಾರೆ, ಪಿಕ್ಕಾಸಿ, ಗುದ್ದಲಿ, ಕೈಗಾಡಿ. ಎಂಟೆಂಟು ಗಂಟೆಯ ಪಾಳಿಯಲ್ಲಿ ಹಗಲೂ ರಾತ್ರಿ ಅಗೆದರು. ಕೂಲಿಯೆಂದರೆ ದಿನಕ್ಕೆ ಒಂದು ಪ್ಯಾಕೆಟ್ ಸಿಗರೇಟು. ಹಣಕ್ಕೆ ಬೆಲೆಯಿಲ್ಲದ ಊರಿನಲ್ಲಿ ಅದನ್ನು ಕೊಟ್ಟು ರೊಟ್ಟಿ ತರಬಹುದಿತ್ತು. ಅಂತರ್ಜಲ ನುಗ್ಗಿದಾಗ ಬಕೆಟಿನಲ್ಲಿ ಮೊಗೆದು ಹೊರಗೆ ಸುರಿದರು. ಒಟ್ಟು 2,800 ಘನ ಮೀಟರ್ ಮಣ್ಣು ತೆಗೆದು, 170 ಘನ ಮೀಟರ್ ಮರ ಮತ್ತು 45 ಟನ್ ಉಕ್ಕನ್ನು ಆಧಾರಕ್ಕೆ ಕೊಟ್ಟರೆಂಬ ಲೆಕ್ಕವಿದೆ. ಜುಲೈ 30ರಂದು ನೆಲದಡಿಯಲ್ಲಿ ಎರಡು ಕಡೆಯವರು ಪರಸ್ಪರ ಕೈ ಕುಲುಕಿದರು. ಸುಮಾರು 800 ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಎತ್ತರ. ಸಾಧಾರಣ ಎತ್ತರದ ಗಂಡಸು ತಲೆ ಬಗ್ಗಿಸದೆ ನಡೆಯುವಂತಿಲ್ಲ. ಸೇನೆ ಅದಕ್ಕೆ ಇಟ್ಟ ಗುಪ್ತ ಹೆಸರು "ಆಬ್ಜೆಕ್ಟ್ ಬಿ.ಡಿ.", ಎರಡು ಊರುಗಳ ಮೊದಲ ಅಕ್ಷರಗಳು. ಜನ ಕರೆದದ್ದು "ತುನೆಲ್ ಸ್ಪಾಸ", ಅಂದರೆ ಪಾರುಗಾಣಿಸಿದ ಸುರಂಗ.

ದೊಬ್ರಿನ್ಯಾ ಕಡೆಯ ಬಾಯಿ ಒಂದು ವಸತಿ ಕಟ್ಟಡದಲ್ಲಿತ್ತು. ಬುಟ್ಮಿರ್ ಕಡೆಯದು ಒಂದು ಮನೆಯ ಕೆಳಗೆ. ಆ ಮನೆಯವರ ಹೆಸರು ಕೇಳಿದರೆ ನೀವು ನಗುತ್ತೀರಿ. ಕೋಲಾರ್! ಹೌದು, ಕೋಲಾರ್ ಕುಟುಂಬ. ನಮ್ಮ ಚಿನ್ನದ ಗಣಿಯ ಕೋಲಾರಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ, ಅದು ಅವರ ಮನೆತನದ ಹೆಸರಷ್ಟೆ. ಆದರೆ ಕನ್ನಡದವಳಾದ ನನಗೆ ನೆಲದಡಿಯ ದಾರಿಗೂ ಆ ಹೆಸರಿಗೂ ಯಾವುದೋ ನಂಟಿದ್ದಂತೆ ಕಂಡಿತು. ತಮ್ಮನೂ ನಾನೂ ಆ ಫಲಕದ ಮುಂದೆ ನಿಂತು ಊರಿನ ನೆನಪಾಗಿ ನಕ್ಕೆವು. ಆ ದಿನ ನಾವು ನಕ್ಕದ್ದು ಅಷ್ಟೇ.

ಆ ಮನೆ ಸಾಧಾರಣವಾದ ಎರಡಂತಸ್ತಿನ ಹಳ್ಳಿಮನೆ. ಗೋಡೆಯ ತುಂಬ ಗುಂಡು, ಶೆಲ್ಲಿನ ಗಾಯಗಳು. ಅವುಗಳನ್ನು ಗಾರೆ ಬಳಿದು ಮುಚ್ಚಿಲ್ಲ, ಹಾಗೆಯೇ ಬಿಟ್ಟಿದ್ದಾರೆ. ಒಳಗೆ ಸೈನಿಕರ ಚೀಲಗಳು, ಹಳಿಯ ಮೇಲೆ ತಳ್ಳುತ್ತಿದ್ದ ಸಣ್ಣ ಗಾಡಿ, ಪರಿಹಾರದ ಡಬ್ಬಗಳು. ವಯಸ್ಸಾದ ಅಧ್ಯಕ್ಷ ಅಲಿಯಾ ಇಝೆತ್‌ಬೆಗೊವಿಚ್ ಅವರನ್ನು ಕೂರಿಸಿ ತಳ್ಳಿಕೊಂಡು ಹೋಗುತ್ತಿದ್ದ ಗಾಲಿ ಹಾಕಿದ ಕುರ್ಚಿಯೂ ಇದೆ. ಒಂದು ದೇಶದ ಮುಖ್ಯಸ್ಥ ತನ್ನ ರಾಜಧಾನಿಯಿಂದ ಹೊರಗೆ ಬರಲು ಆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿರಬೇಕಾಗಿತ್ತು.

ಗೋಡೆಯ ಮೇಲೆ ಒಬ್ಬ ಅಜ್ಜಿಯ ಚಿತ್ರವಿದೆ. ತಲೆಗೆ ಸ್ಕಾರ್ಫ್, ಕೈಯಲ್ಲಿ ನೀರಿನ ಲೋಟ. ಅವರು ಶಿದಾ ಕೋಲಾರ್, ಆ ಮನೆಯ ಹಿರಿಯ ಹೆಂಗಸು. ಸುರಂಗದಿಂದ ಬೆವರಿ, ಕೆಸರಾಗಿ, ಉಸಿರುಗಟ್ಟಿ ಹೊರಬರುವವರಿಗೆ ಬಾಯಿಯ ಬಳಿ ನಿಂತು ಒಂದೊಂದು ಲೋಟ ನೀರು ಕೊಡುತ್ತಿದ್ದರಂತೆ. ಬಂದೂಕು ಹಿಡಿದವರ ಚಿತ್ರಗಳು ಅಲ್ಲಿ ಬೇಕಾದಷ್ಟಿವೆ. ನಾನು ಹೆಚ್ಚು ಹೊತ್ತು ನಿಂತದ್ದು ಈ ಚಿತ್ರದ ಮುಂದೆ. ಆ ಲೋಟವನ್ನು ನಾನು ಎಲ್ಲೋ ನೋಡಿದ್ದೆ.

ಆಮೇಲೆ ಸುರಂಗಕ್ಕಿಳಿದೆವು. ಮೂಲ ಸುರಂಗದಲ್ಲಿ ಈಗ ನಡೆಯಲು ಸಿಗುವುದು ಸುಮಾರು 20-25 ಮೀಟರ್ ಮಾತ್ರ. ಉಳಿದ ಬಹುಭಾಗ ಕುಸಿದು, ಮುಚ್ಚಿ ಹೋಗಿದೆ. ಮೇಲೆ ವಿಮಾನ ನಿಲ್ದಾಣ ಕೆಲಸ ಮಾಡುತ್ತಿದೆ, ಕೆಳಗೆ ನೀರು ಜಿನುಗುವ ಮಣ್ಣು. ಮರದ ಕಂಬಗಳು ಎಷ್ಟು ವರ್ಷ ತಡೆದಾವು? ಉದ್ದ ಕಡಿಮೆ ಎಂದು ಕೇವಲವಾಗಿ ನೋಡಬೇಡಿ. ಬೆನ್ನು ಬಗ್ಗಿಸಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನಗೆ ಸೊಂಟ ಹಿಡಿಯಿತು. ತಮ್ಮ ಎರಡು ಸಲ ಹಣೆ ತಾಗಿಸಿಕೊಂಡ. ಇದೇ ದಾರಿಯಲ್ಲಿ ಜನ ಬೆನ್ನ ಮೇಲೆ ನಲವತ್ತು ಐವತ್ತು ಕಿಲೋ ಹೊರೆ ಹೊತ್ತು 800 ಮೀಟರ್ ನಡೆದರು. ಮಳೆಯಾದರೆ ಮೊಣಕಾಲಿನವರೆಗೆ ನೀರು. ಪಕ್ಕದಲ್ಲೇ ಕರೆಂಟಿನ ಕೇಬಲ್, ಫೋನ್ ತಂತಿ, ಇಂಧನದ ಕೊಳವೆ. ಒಂದು ಕಡೆಯ ಗುಂಪು ದಾಟಿ ಮುಗಿಯುವವರೆಗೆ ಇನ್ನೊಂದು ಕಡೆಯವರು ಕಾಯಬೇಕು. ಹಿಟ್ಟು, ಔಷಧಿ, ಮದ್ದುಗುಂಡು, ಗಾಯಾಳುಗಳು, ಹೆಣ ಎಲ್ಲವೂ ಇದೇ ಕಿರಿದಾದ ದಾರಿಯಲ್ಲಿ ಹೋಗಿ ಬಂದವು.

ಎಲ್ಲವೂ ಪುಣ್ಯದ ಕಥೆಯೇ ಎಂದುಕೊಳ್ಳಬೇಡಿ. ಸುರಂಗ ಸೇನೆಯ ಕೈಯಲ್ಲಿತ್ತು. ಅನುಮತಿ ಚೀಟಿಯಿಲ್ಲದೆ ಪ್ರವೇಶವಿಲ್ಲ. ಹೋರಾಡುವ ವಯಸ್ಸಿನ ಗಂಡಸರಿಗೆ ಊರು ಬಿಟ್ಟು ಹೋಗಲು ಬಿಡುತ್ತಿರಲಿಲ್ಲ. ಹಸಿದವರ ನಡುವೆ ಸಕ್ಕರೆ, ಕಾಫಿಪುಡಿ ಮಾರಿ ಹಣ ಮಾಡಿಕೊಂಡ ಕಾಳಸಂತೆಯವರೂ ಈ ದಾರಿಯನ್ನು ಬಳಸಿಕೊಂಡರು. ಇನ್ನೊಂದು ಮಾತನ್ನೂ ಹೇಳಲೇಬೇಕು. ಮುತ್ತಿಗೆಯೊಳಗೆ ಇದ್ದವರು ಮುಸ್ಲಿಮರು ಮಾತ್ರವಲ್ಲ. ಸರ್ಬರು, ಕ್ರೊಯೇಷಿಯನ್ನರು, ಯಹೂದಿಯರೂ ಅದೇ ಹಸಿವು, ಅದೇ ಶೆಲ್ಲುಗಳಿಗೆ ಸಿಕ್ಕಿದ್ದರು. ಊರನ್ನು ಕಾದ ಸೇನೆಯ ಉಪ ದಂಡನಾಯಕ ಜನರಲ್ ಯೊವಾನ್ ದಿವ್ಯಾಕ್ ಸ್ವತಃ ಸರ್ಬ್ ಜನಾಂಗದವರು. ಅವರು 2021ರಲ್ಲಿ ತೀರಿಕೊಂಡಾಗ ಸರಾಯೆವೊ ಅವರನ್ನು ತನ್ನವನೆಂದೇ ಕಳುಹಿಸಿಕೊಟ್ಟಿತು. "ಅವರೆಲ್ಲ ಹೀಗೆ, ನಾವೆಲ್ಲ ಹಾಗೆ" ಎನ್ನುವವರು ಈ ಒಂದು ಹೆಸರನ್ನಾದರೂ ನೆನಪಿಟ್ಟುಕೊಳ್ಳಬೇಕು.

ಯುದ್ಧ ಮುಗಿದ ಮೇಲೆ ಈ ಸುರಂಗ ಯಾರಿಗೂ ಬೇಡವಾಗಿತ್ತು. ಒಡೆದ ಮನೆ ಕಟ್ಟುವವರು, ಕಾಣೆಯಾದ ಮಕ್ಕಳನ್ನು ಹುಡುಕುವವರು ಸುರಂಗದ ಚಿಂತೆ ಮಾಡುವರೇ? ಅದನ್ನು ಉಳಿಸಿದ್ದು ಬೈರೊ ಕೋಲಾರ್ ಮತ್ತು ಅವರ ಮಗ ಎದಿಸ್. ತಮ್ಮ ಮನೆಯನ್ನೇ ಮ್ಯೂಸಿಯಂ ಮಾಡಿದರು. ಸಿಕ್ಕಿದ ಸಾಮಾನುಗಳನ್ನು ಕೂಡಿಸಿಟ್ಟರು. ಕಂಬಗಳು ಬೀಳದಂತೆ ನೋಡಿಕೊಂಡರು. ಬಂದವರಿಗೆ ತಾವೇ ಕಥೆ ಹೇಳಿದರು. ವರ್ಷಗಳ ಕಾಲ ಅದು ಒಂದು ಕುಟುಂಬದ ಕೆಲಸವಾಗಿಯೇ ನಡೆಯಿತು. ಸರಾಯೆವೊ ಆಡಳಿತ ಅದನ್ನು ವಹಿಸಿಕೊಂಡದ್ದು ಬಹಳ ತಡವಾಗಿ. ಈಗ ಅಲ್ಲಿಗೆ ದೇಶವಿದೇಶದಿಂದ ಶಾಲಾ ಮಕ್ಕಳು ಬರುತ್ತಾರೆ.

ಸ್ಮಾರಕ ಎಂದರೆ ನಾವು ಗುಮ್ಮಟ, ಕೋಟೆ, ಅರಮನೆ ಎಂದೇ ತಿಳಿದಿದ್ದೇವೆ. ಅವುಗಳನ್ನು ಸರ್ಕಾರ ಕಾಯುತ್ತದೆ. ಒಂದು ಮನೆಯ ನೆಲದಡಿಯ ಕೆಸರು ದಾರಿಯನ್ನು ಯಾರು ಕಾಯುತ್ತಾರೆ? ಅದರ ಅರ್ಥ ಗೊತ್ತಿದ್ದವರೇ ಕಾಯಬೇಕು. ಅವರು ಹೋದ ಮೇಲೆ ಅದು ಬರೀ ಗುಂಡಿ. ಹಾಗೆ ನೋಡಿದರೆ ನಮ್ಮಲ್ಲೂ ಅಂಥದ್ದೊಂದಿದೆ. ಚಿತ್ರದುರ್ಗದ ಕೋಟೆಯ ಓಬವ್ವನ ಕಿಂಡಿ. ಬಂಡೆಗಳ ನಡುವಿನ ಒಂದು ಸಂದು. ನೀರಿಗೆಂದು ಹೋದ ಕಾವಲುಗಾರನ ಹೆಂಡತಿ, ಆ ಸಂದಿನಿಂದ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಎತ್ತಿದಳೆಂಬ ಕಥೆ ಇಲ್ಲದಿದ್ದರೆ ಅದನ್ನು ಯಾರು ನೋಡಲು ಹೋಗುತ್ತಿದ್ದರು?

ನನ್ನ ಮಗಳು ಆರನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಚಿತ್ರದುರ್ಗಕ್ಕೆ ಪ್ರವಾಸ ಹೋಗಿದ್ದಳು. ರಾತ್ರಿ ಮಲಗುವಾಗ ಕೇಳಿದಳು, "ಉಮ್ಮ, ಆ ಕಿಂಡಿಯಲ್ಲಿ ಬಂದವರು ನಮ್ಮವರಾ? ಬಸ್ಸಿನಲ್ಲಿ ಒಬ್ಬಳು ಹಾಗೆ ಹೇಳಿದಳು." ನನಗೆ ಆಗ ಉತ್ತರ ಸಿಗಲಿಲ್ಲ. "ಮಲಗು, ಅದೆಲ್ಲ ಹಳೆಯ ಕಥೆ" ಎಂದುಬಿಟ್ಟೆ. ಸುರಂಗದ ಬಾಯಿಯಲ್ಲಿ ಆ ಅಜ್ಜಿಯ ಚಿತ್ರ ನೋಡುವಾಗ ಉತ್ತರ ಹೊಳೆಯಿತು. ಕಿಂಡಿಯಲ್ಲಿ ಬಂದವರು ಒಬ್ಬ ರಾಜನ ಸೈನಿಕರು. ಊರನ್ನು ಕಾದವಳು ಓಬವ್ವ. ನಮ್ಮವರು ಯಾರೆಂದರೆ, ಊರನ್ನು ಕಾದವಳು ನಮ್ಮವಳು. ಓಬವ್ವನೂ ನಮ್ಮವಳೇ, ಶಿದಾ ಅಜ್ಜಿಯೂ ನಮ್ಮವರೇ. ಹೆಸರು ನೋಡಿ ನಮ್ಮವರನ್ನು ಆರಿಸಿಕೊಳ್ಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸುವವರು ಬಸ್ಸಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅದನ್ನು ಬಿಡಿಸುವವರು ಮನೆಯಲ್ಲಿ ಇರಬೇಕಷ್ಟೆ.

ಸುರಂಗದಿಂದ ಹೊರಬಂದು ಅಂಗಳದ ಬೆಂಚಿನಲ್ಲಿ ಕುಳಿತೆವು. ಒಂದು ವಿಮಾನ ತಗ್ಗಿನಲ್ಲಿ ಸದ್ದು ಮಾಡುತ್ತಾ ಹೋಯಿತು. ತಮ್ಮ ನೀರಿನ ಬಾಟಲಿ ಚಾಚಿದ. ಆಗ ಆ ಲೋಟವನ್ನು ಎಲ್ಲಿ ನೋಡಿದ್ದೆನೆಂದು ನೆನಪಾಯಿತು.

ನನಗೆ ಒಂಬತ್ತು ವರ್ಷ. ತಮ್ಮನಿಗೆ ಆರು ತಿಂಗಳು. ನಮ್ಮ ಊರಿನಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದ್ದರು. ಅಬ್ಬ ವ್ಯಾಪಾರಕ್ಕೆಂದು ಬೇರೆ ಊರಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಉಮ್ಮನಿಗೆ ಜ್ವರ, ಎದೆಹಾಲು ಬತ್ತಿತ್ತು. ಮಗು ಅತ್ತರೆ ಹೊರಗೆ ಕೇಳೀತೆಂದು ಉಮ್ಮ ಅವನ ಬಾಯಿಗೆ ಸೆರಗು ಒತ್ತಿ ಹಿಡಿಯುತ್ತಿದ್ದರು. ಎರಡನೆಯ ದಿನ ಬೆಳಗಿನ ಜಾವ ತಡಮೆಯ ಕಲ್ಲಿನ ಮೇಲೆ ಒಂದು ಚೊಂಬು ಹಾಲು. ದೊಡ್ಡಮ್ಮ ತಮ್ಮ ಮನೆಯ ದನದ್ದನ್ನು ಕಾಯಿಸಿ ತಂದಿಟ್ಟಿದ್ದರು. ಮರುದಿನವೂ ಇತ್ತು. ಆ ರಾತ್ರಿ ರಸ್ತೆಯಲ್ಲಿ ಜನ ಕೂಗುತ್ತಾ ಬರುವ ಸದ್ದು ಕೇಳಿಸಿತು. ದೊಡ್ಡಮ್ಮ ತಡಮೆಯ ಬಳಿ ನಿಂತು ನಮ್ಮನ್ನು ಪಿಸುದನಿಯಲ್ಲಿ ಕರೆದರು. ಉಮ್ಮ, ಅಣ್ಣ, ನಾನು, ಮಗು, ನಾಲ್ವರೂ ದಾಟಿ ಅವರ ಕೊಟ್ಟಿಗೆಯ ಬೈಹುಲ್ಲಿನ ಹಿಂದೆ ಕುಳಿತೆವು. ದೊಡ್ಡಮ್ಮನ ಗಂಡ ಜಗಲಿಯಲ್ಲಿ ಲಾಟೀನು ಹಚ್ಚಿ, ಏನೂ ಗೊತ್ತಿಲ್ಲದವರಂತೆ ಎಲೆ ಅಡಿಕೆ ಹಾಕುತ್ತಾ ಕುಳಿತಿದ್ದರು. ಅಂದು ನಡುಗುತ್ತಿದ್ದ ನನ್ನ ಕೈಗೆ ದೊಡ್ಡಮ್ಮ ಹಿತ್ತಾಳೆಯ ಲೋಟದಲ್ಲಿ ನೀರು ಕೊಟ್ಟರು.

ಗಲಭೆ ತಣ್ಣಗಾಯಿತು. ಅಬ್ಬ ಬಂದರು. ಆ ರಾತ್ರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಉಮ್ಮ ನಮಗೆ ಕಟ್ಟಪ್ಪಣೆ ಮಾಡಿದ್ದರು. "ಯಾರಿಗೂ ಹೇಳಬೇಡಿ. ಅವರಿಗೆ ಅವರ ಕಡೆಯವರಿಂದ ತೊಂದರೆ ಆದೀತು. ಚಿಕ್ಕವನಿಗಂತೂ ಹೇಳಲೇಬೇಡಿ. ಬೆಳೆಯುವ ಮಗು, ಮನಸ್ಸಿನಲ್ಲಿ ವಿಷ ತುಂಬಬಾರದು." ಅಂದು ಅದು ಸರಿಯೇ ಇತ್ತು. ಆದರೆ ಆ ಮೌನ ಅಷ್ಟು ವರ್ಷ ಮುಂದುವರಿದದ್ದು ಸರಿಯೇ? ವಿಷ ತುಂಬಬಾರದೆಂದು ಮುಚ್ಚಿಟ್ಟ ಪಾತ್ರೆಯಲ್ಲಿ ಹಾಲೂ ಇತ್ತಲ್ಲವೇ?

ಸರಾಯೆವೊದ ಆ ಬೆಂಚಿನಲ್ಲಿ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ದೊಡ್ಡಮ್ಮ ಸಾಯುವ ಮೊದಲು ನಾನು ಎರಡು ಸಲ ಊರಿಗೆ ಬಂದಿದ್ದೆ. ಅವರ ಮನೆಗೆ ಹೋಗಲೇ ಇಲ್ಲ. ನನಗೆ ಯಾಕೆ ಹೇಳಲಿಲ್ಲ ಅಕ್ಕ?" ನನ್ನ ಬಳಿ ಉತ್ತರವಿರಲಿಲ್ಲ. ಅವನ ವಾಟ್ಸಾಪ್‌ನಲ್ಲಿ ಆ ಕಡೆಯವರ ಬಗ್ಗೆ ಬರುವ ಸಂದೇಶಗಳನ್ನು ನಾನು ಬಲ್ಲೆ. ಅವುಗಳಲ್ಲಿ ಕೆಲವನ್ನು ಅವನು ನನಗೂ ಕಳುಹಿಸಿದ್ದ. ಅವನಿಗೆ ಯಾವ ಕಥೆ ಸಿಕ್ಕಿತ್ತೋ ಅದನ್ನು ಅವನು ನಂಬಿದ. ನಮ್ಮ ಬಳಿಯಿದ್ದ ಕಥೆಯನ್ನು ನಾವು ಕೊಡಲಿಲ್ಲ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. "ಗೋಡೆ ಎಲ್ಲಿಗೆ ಬಂತು?" "ಎರಡು ಕಡೆಯಿಂದ ಬಂದಿದೆ. ತಡಮೆಯ ಹತ್ತಿರ ನಾಳೆ." "ಅಲ್ಲಿ ನಿಲ್ಲಿಸು" ಎಂದೆ. ಅಣ್ಣ ಗದರಿದ. ಮೇಸ್ತ್ರಿಗೆ ಏನು ಹೇಳುವುದು, ಅರ್ಧ ಗೋಡೆ ಯಾರು ಕಟ್ಟಿಸುತ್ತಾರೆ ಎಂದೆಲ್ಲ ಕೇಳಿದ. ತಮ್ಮ ಫೋನ್ ತೆಗೆದುಕೊಂಡು ಒಂದೇ ಮಾತು ಹೇಳಿದ, "ಅಣ್ಣ, ನಾನು ಕುಡಿದ ಹಾಲು ಬಂದದ್ದು ಅಲ್ಲಿಂದಲಂತೆ." ಅಣ್ಣ ಸುಮ್ಮನಾದ. ಅವನೂ ಬೈಹುಲ್ಲಿನ ಹಿಂದೆ ಕುಳಿತವನೇ. ಅವನಿಗೂ ಮರೆತಿರಲಿಲ್ಲ, ಮರೆತಂತೆ ಇದ್ದ.

ಊರಿಗೆ ಬಂದ ಮೇಲೆ ದೊಡ್ಡಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು. ಆ ರಾತ್ರಿ ಅವನು ನಿದ್ದೆಯಲ್ಲಿದ್ದ. ಹೇಳಿ ಮುಗಿಸಿದಾಗ ಆ ಕಡೆಯಿಂದ ಸದ್ದಿಲ್ಲ. "ಅಮ್ಮ ನನಗೆ ಇದನ್ನು ಹೇಳಲೇ ಇಲ್ಲ ಅಕ್ಕ" ಎಂದ. ನಮ್ಮನ್ನು ಕಾಪಾಡಲು ಅವರೂ ಸುಮ್ಮನಿದ್ದರು, ಅವರನ್ನು ಕಾಪಾಡಲು ನಾವೂ ಸುಮ್ಮನಿದ್ದೆವು. ಬೇಲಿಯ ಎರಡೂ ಕಡೆ ಬೆಳೆದ ಮಕ್ಕಳಿಗೆ ತಮ್ಮ ಮನೆಯ ಅತಿ ದೊಡ್ಡ ಆಸ್ತಿ ಏನೆಂದೇ ಗೊತ್ತಾಗಲಿಲ್ಲ. ಕಳೆದ ರಮಝಾನಿನ ಮುನ್ನ ಅವನು ಹೆಂಡತಿ ಮಕ್ಕಳೊಂದಿಗೆ ಬಂದ. ಉಮ್ಮನಿಗೆ ಈಗ ಕಣ್ಣು ಮಂಜು. ಅವನ ತಲೆ ಸವರಿ, "ನಿನ್ನ ಅಮ್ಮನಿಗಾಗಿ ನಾನು ದುಆ ಮಾಡದ ದಿನವಿಲ್ಲ ಮಗ" ಎಂದರು. ನನ್ನ ಮಗಳು, ಅವನ ಮಕ್ಕಳು ಒಬ್ಬರ ಹಿಂದೆ ಒಬ್ಬರು ತಡಮೆ ದಾಟಿ ದಾಟಿ ನಕ್ಕರು. ಅವರಿಗದು ಆಟ. ಆಗಲಿ, ಆಟವೇ ಆಗಲಿ.

ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಅವನು ಆ ಮನೆಯನ್ನು ಮಾರಲಿದ್ದಾನೆ. ಅವನಿಗೆ ಅವನ ಕಷ್ಟಗಳಿವೆ. ಕೊಳ್ಳುವವರು ಯಾರೋ, ಅವರಿಗೆ ತಡಮೆ ಬೇಕೋ ಬೇಡವೋ. ನಾಳೆ ಅವರ ಕಡೆಯಿಂದ ಗೋಡೆ ಎದ್ದರೆ ನಾವು ತಡೆಯಲಾಗದು. ಸರಾಯೆವೊದಲ್ಲೂ 800 ಮೀಟರಿನಲ್ಲಿ ಉಳಿದದ್ದು 20-25 ಮೀಟರ್. ಅದು ಕೂಡ ಒಂದು ಕುಟುಂಬ ಹಟ ಹಿಡಿದದ್ದರಿಂದ. ಕಲ್ಲು ಉಳಿಯದೇ ಹೋದರೆ ಮಾತಾದರೂ ಉಳಿಯಲೆಂದು ಇದನ್ನು ನಿಮ್ಮ ಮುಂದೆ ಬರೆಯುತ್ತಿದ್ದೇನೆ.

ಆ ಊರಿನವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಶೆಲ್ ಬಿದ್ದು ಜನ ಸತ್ತ ಜಾಗಗಳಲ್ಲಿ ಕಾಂಕ್ರೀಟಿನ ಮೇಲೆ ಹೂವಿನ ಎಸಳಿನಂಥ ಗುಂಡಿಗಳು ಉಳಿದಿವೆ. ಅವುಗಳಲ್ಲಿ ಕೆಲವಕ್ಕೆ ಕೆಂಪು ರಾಳ ತುಂಬಿ "ಸರಾಯೆವೊದ ಗುಲಾಬಿ" ಎಂದು ಕರೆಯುತ್ತಾರೆ. ಕೊಂದವರ ಹೆಸರು ಅಲ್ಲಿಲ್ಲ. ಅದು ನ್ಯಾಯಾಲಯದ ಕೆಲಸ, ಅದನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಮಾಡಿತು. ಊರಿಗೆ ಶೆಲ್ ಸುರಿಸಿದ ಪಡೆಯ ದಂಡನಾಯಕ ಸ್ಟಾನಿಸ್ಲಾವ್ ಗಾಲಿಚ್‌ಗೆ 2006ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ನ್ಯಾಯ ಕೇಳುವುದು ಒಂದು, ದ್ವೇಷ ಸಾಕುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಡಲು ಸಾಧ್ಯವೆಂದು ಆ ಹೂಗಳನ್ನು ದಾಟಿ ನಡೆಯುವಾಗ ನನಗೆ ಅನಿಸಿತು.

ಇನ್ನು ನಿಮ್ಮದೊಂದು ಕೆಲಸವಿದೆ. ನಿಮ್ಮ ಮನೆಯಲ್ಲೂ ಉಮ್ಮನೋ ಅಜ್ಜಿಯೋ ಮೂಲೆಯಲ್ಲಿ ಕುಳಿತು ತಸ್ಬೀಹ್ ಎಣಿಸುತ್ತಿರಬಹುದು. ಇಂದು ರಾತ್ರಿ ಊಟವಾದ ಮೇಲೆ ಅವರ ಬಳಿ ಕುಳಿತು ಕೇಳಿ: ಕಷ್ಟದ ಕಾಲದಲ್ಲಿ ನಮ್ಮ ಮನೆಗೆ ಹಾಲು ಎಲ್ಲಿಂದ ಬಂತು? ಯಾವ ಬಾಗಿಲು ತೆರೆದುಕೊಂಡಿತು? ಯಾರು ಲಾಟೀನು ಹಚ್ಚಿ ಜಗಲಿಯಲ್ಲಿ ಕುಳಿತರು? ನಾವು ಯಾರಿಗೆ ಬಾಗಿಲು ತೆರೆದಿದ್ದೆವು? ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಳೆ ಕೇಳೋಣವೆಂದು ಬಿಡಬೇಡಿ. ನಮ್ಮ ದೊಡ್ಡಮ್ಮನ ಬಳಿ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಆ ಹಿತ್ತಾಳೆ ಲೋಟ ಈಗ ಎಲ್ಲಿದೆಯೋ, ಅವರ ಮಗನಿಗೂ ತಿಳಿಯದು.